ಕುರಿ ಲೆಕ್ಕ, ಗಲ್ಲಾ ಲೆಕ್ಕ, ಬಜೆಟ್ ಲೆಕ್ಕ: ರಾಜ್ಯ ಆಳೋಕೆ ವ್ಯಾಪಾರ ಮಾಡಿರಲೇಬೇಕಾ?

ನಂಜನಗೂಡು/ತಿ.ನರಸೀಪುರ: ರಾತ್ರಿ ಅಂಗಡಿ ಬಾಗಿಲು ಎಳೆಯೋ ಹೊತ್ತಿಗೆ ಗಲ್ಲಾ ಎಣಿಸುತ್ತಾ ಕೂತವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತೆ. ‘ಒಂದು ದಿನ ಇಲ್ಲಿ ಬಂದು ಕೂರಲಿ, ಆಗ ಗೊತ್ತಾಗುತ್ತೆ.’ ಕೂರಬೇಕಾದವರು ಶಾಸಕರು, ಮಂತ್ರಿಗಳು, ಮುಖ್ಯಮಂತ್ರಿಗಳು, ದಿಲ್ಲಿಯಲ್ಲಿರೋ ಹಣಕಾಸು ಸಚಿವರು. ನಂಜನಗೂಡಿನ ಆರ್.ಪಿ. ರಸ್ತೆಯಲ್ಲೂ ಇದೇ ಮಾತು, ನರಸೀಪುರದ ಬಸ್ ನಿಲ್ದಾಣದ ಸುತ್ತಮುತ್ತಲೂ ಇದೇ ಮಾತು. ವ್ಯಾಪಾರ ಮಾಡದವರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ, ಹಾಗಾಗಿ ಅವರ ಕೈಗೆ ಖಜಾನೆ ಕೊಡಬಾರದು ಅನ್ನೋದು ಇದರ ತಾತ್ಪರ್ಯ.

ಈ ವಾದ ಪರೀಕ್ಷೆ ಮಾಡೋಕೆ ಈ ಎರಡು ತಾಲ್ಲೂಕಿಗಿಂತ ಒಳ್ಳೇ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. ಯಾಕಂದ್ರೆ ರಾಜ್ಯದ ಖಜಾನೆ ಕೀಲಿ ಹಿಡಿದವರು ಇಲ್ಲಿಯವರೇ. ನಂಜನಗೂಡು, ನರಸೀಪುರ, ಮೈಸೂರು ತಾಲ್ಲೂಕುಗಳ ಹಳ್ಳಿಗಳು ಸೇರಿ ಆಗಿರುವ ವರುಣಾ ಕ್ಷೇತ್ರದ ಶಾಸಕ ಸಿದ್ದರಾಮಯ್ಯ. ಓದಿದ್ದು ಬಿ.ಎಸ್ಸಿ., ಆಮೇಲೆ ಕಾನೂನು. ಮಾಡಿದ ಕೆಲಸ ವಕೀಲಿಕೆ. ಅಂಗಡಿ ಇಟ್ಟವರಲ್ಲ, ಮಿಲ್ ನಡೆಸಿದವರಲ್ಲ, ಕಂಟ್ರಾಕ್ಟ್ ಹಿಡಿದವರಲ್ಲ. ಅವರೇ ಎಷ್ಟೋ ವೇದಿಕೆಯಲ್ಲಿ ಹೇಳಿಕೊಂಡಿದ್ದಾರೆ: ಮೊದಲ ಸಲ ಹಣಕಾಸು ಸಚಿವ ಆದಾಗ, ನೂರು ಕುರಿ ಎಣಿಸೋಕೆ ಬರದವನು ರಾಜ್ಯದ ಬಜೆಟ್ ಏನು ಮಂಡಿಸ್ತಾನೆ ಅಂತ ಪತ್ರಿಕೆಯೊಂದು ಬರೆದಿತ್ತಂತೆ. 1995ರಲ್ಲಿ ಮೊದಲ ಬಜೆಟ್ ಮಂಡಿಸಿದರು. 2023ರ ಜುಲೈನಲ್ಲಿ 14ನೇದು ಮಂಡಿಸಿ ರಾಮಕೃಷ್ಣ ಹೆಗಡೆ ಅವರ 13ರ ದಾಖಲೆ ದಾಟಿದರು. 2025ರ ಮಾರ್ಚ್ 7ರಂದು ಮಂಡಿಸಿದ್ದು 16ನೇದು, ಗಾತ್ರ 4,09,549 ಕೋಟಿ ರೂಪಾಯಿ.

ಅಂದಹಾಗೆ, ಕುರಿ ಎಣಿಸೋದು ಬರದವರನ್ನ ಹಾಗೆ ಗೇಲಿ ಮಾಡಿದವರಿಗೆ ಕುರಿ ವ್ಯಾಪಾರ ಗೊತ್ತಿರಲಿಲ್ಲ ಅಂತ ಕಾಣುತ್ತೆ. ಬನ್ನೂರು ಸೀಮೆಯಲ್ಲಿ ಕುರಿ ಸಾಕಿದವರು ಮೇವು, ಔಷಧಿ, ಮರಿ, ಹಬ್ಬದ ಸೀಸನ್ ಎಲ್ಲಾ ಲೆಕ್ಕ ಹಾಕಿಯೇ ಸಂತೆಗೆ ಹೋಗೋದು.

ಬಜೆಟ್ ಸಂಖ್ಯೆ ಜಾಸ್ತಿ ಆದ ಮಾತ್ರಕ್ಕೆ ಆರ್ಥಿಕತೆ ಅರ್ಥ ಆಗಿದೆ ಅಂತಲ್ಲ. ಅದಕ್ಕೆ 2025ರ ಜುಲೈ ಸಾಕ್ಷಿ.

ಜುಲೈನಲ್ಲಿ ಬಂದ ನೋಟಿಸ್

ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ಲೆಕ್ಕ ತರಿಸಿಕೊಂಡು, 2021–22ರಿಂದ ಈಚೆಗೆ ವರ್ಷಕ್ಕೆ 40 ಲಕ್ಷಕ್ಕಿಂತ ಜಾಸ್ತಿ ದುಡ್ಡು ಬಂದಿರೋ ಅಂಗಡಿಗಳನ್ನ ಹುಡುಕಿತು. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ಜನರಿಗೆ ನೋಟಿಸ್ ಹೋಯಿತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿ, ಟೀ ಅಂಗಡಿ, ತರಕಾರಿ ಗಾಡಿ ಯಾವುದನ್ನೂ ಬಿಡಲಿಲ್ಲ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂ. ವಹಿವಾಟಿಗೆ 29 ಲಕ್ಷ ಕಟ್ಟಿ ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ!

40 ಲಕ್ಷ ಅಂದಾಗ ಸಂಬಳದವರಿಗೆ ಅದು ದೊಡ್ಡ ಮೊತ್ತ. ಆದರೆ 365 ದಿನಕ್ಕೆ ಭಾಗಿಸಿ ನೋಡಿ, ದಿನಕ್ಕೆ ಸುಮಾರು 11 ಸಾವಿರ. ಬೆಳಗ್ಗೆ ಐದಕ್ಕೆ ಹಾಲು ಇಳಿಸಿಕೊಳ್ಳೋ ಅಂಗಡಿಗೆ ಇದು ಮಾಮೂಲಿ ವ್ಯಾಪಾರ. ಅದರಲ್ಲಿ ಹಾಲು, ಬ್ರೆಡ್, ಸಿಗರೇಟು, ಬಾಳೆಹಣ್ಣು ಇರುತ್ತೆ; ನೂರು ರೂಪಾಯಿಗೆ ಕೈಗೆ ಉಳಿಯೋದು ಕೆಲವೇ ರೂಪಾಯಿ. ಜೊತೆಗೆ ಅದೇ ಫೋನಿಗೆ ಚೀಟಿ ದುಡ್ಡು ಬಂದಿರುತ್ತೆ, ಭಾಮೈದನಿಗೆ ಕೊಟ್ಟ ಕೈಸಾಲ ವಾಪಸ್ ಬಂದಿರುತ್ತೆ, ಪಕ್ಕದ ಅಂಗಡಿಯವರಿಗೆ ಕ್ಯಾಶ್ ಕೊಟ್ಟು ಫೋನಿಗೆ ಹಾಕಿಸಿಕೊಂಡಿದ್ದೂ ಇರುತ್ತೆ. ಕಂಪ್ಯೂಟರ್ ಎಲ್ಲವನ್ನೂ ಒಟ್ಟು ಸೇರಿಸಿ ‘ವಹಿವಾಟು’ ಅಂತು.

ವಹಿವಾಟು ಬೇರೆ, ಲಾಭ ಬೇರೆ. ಇದನ್ನ ಒಂದು ವಾರ ಗಲ್ಲಾದಲ್ಲಿ ಕೂತವರು ಯಾರೂ ಮರೆಯಲ್ಲ. ನೋಟಿಸ್ ತಯಾರು ಮಾಡಿದ ಟೇಬಲ್ಲಿನಲ್ಲಿ ಅಂಥ ಒಬ್ಬರು ಇದ್ದಿದ್ದರೆ, ತೆರಿಗೆ ಇಲ್ಲದ ಸಾಮಾನು ಮಾರುವವರನ್ನ ಮೊದಲು ಬೇರೆ ಮಾಡಿ ಅಂತ ಖಂಡಿತ ಹೇಳ್ತಿದ್ದರು. ಇಲ್ಲಿಯವರೆಗೆ ಅಂಗಡಿಯವರ ವಾದಕ್ಕೇ ಗೆಲುವು.

ಇಲಾಖೆಯ ಮಾತಲ್ಲೂ ಸ್ವಲ್ಪ ಹುರುಳಿದೆ. ಬರೀ ತೆರಿಗೆ ಇಲ್ಲದ ಸಾಮಾನು ಮಾರುವವರಿಗೆ ನೋಂದಣಿ ಬೇಡ ನಿಜ. ಆದರೆ ಹಾಲಿನ ಜೊತೆ ಬಿಸ್ಕೆಟ್, ಸೋಪು, ಕೂಲ್‌ಡ್ರಿಂಕ್ಸ್ ಇಟ್ಟ ಕೂಡಲೇ 40 ಲಕ್ಷದ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತೆ. ಕಾನೂನು ಇರೋದೇ ಹಾಗೆ. ಮತ್ತೆ, ಇದೇ ರಸ್ತೆಯಲ್ಲಿ ನೋಂದಣಿ ಮಾಡಿಸಿ ತಿಂಗಳು ತಿಂಗಳು ತೆರಿಗೆ ಕಟ್ಟೋ ಅಂಗಡಿಯವರೂ ಇದ್ದಾರೆ. ಪಕ್ಕದವನು ಕಟ್ಟದೆ ಎರಡು ರೂಪಾಯಿ ಕಮ್ಮಿಗೆ ಮಾರಿದರೆ ಗಿರಾಕಿ ಎಲ್ಲಿಗೆ ಹೋಗ್ತಾರೆ ಅನ್ನೋದು ಅವರ ಪ್ರಶ್ನೆ. ಈ ಪ್ರಶ್ನೆಯನ್ನ ಜುಲೈ ಗಲಾಟೆಯಲ್ಲಿ ಯಾರೂ ಜೋರಾಗಿ ಕೇಳಲಿಲ್ಲ.

ಮುಂದೆ ಆಗಿದ್ದು ಎಲ್ಲರಿಗೂ ಗೊತ್ತು. ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ರಟ್ಟಿನ ಬೋರ್ಡ್ ನೇತಾಡಿದವು. ಕೇಂದ್ರದ್ದು ತಪ್ಪು ಅಂತ ಇವರು, ರಾಜ್ಯದ ಇಲಾಖೆಯೇ ಕಳಿಸಿದ್ದು ಅಂತ ಅವರು. ಜುಲೈ 25ಕ್ಕೆ ಬಂದ್ ಅಂತಾಯಿತು. 23ರಂದು ಮುಖ್ಯಮಂತ್ರಿ ವರ್ತಕರ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಬೇಕು ಅಂದರು. ಬಂದ್ ನಿಂತಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಸಭೆಗೆ ಮುಂಚೆಯೂ ಸಿದ್ದರಾಮಯ್ಯ ವಕೀಲರೇ, ಸಭೆ ಆದಮೇಲೂ ವಕೀಲರೇ. ವ್ಯಾಪಾರದ ಅನುಭವ ಎರಡು ಗಂಟೆಯಲ್ಲಿ ಬರಲಿಲ್ಲ. ಅಂಗಡಿಯವರು ಎದುರು ಕೂತು ಹೇಳಿದರು, ತೀರ್ಮಾನ ಬದಲಾಯಿತು. ಹೇಳೋಕೆ ಬಂದ್ ಕರೆಯೋ ತನಕ ಕಾಯಬೇಕಾಯಿತು, ಅಷ್ಟೇ.

ವ್ಯಾಪಾರ ಮಾಡಿದವರು ಆಳಿದಾಗ

ವ್ಯಾಪಾರ ಗೊತ್ತಿದ್ದವರು ಮುಖ್ಯಮಂತ್ರಿ ಆಗಲೇ ಇಲ್ಲ ಅಂತೇನಿಲ್ಲ. ಬಿ.ಎಸ್. ಯಡಿಯೂರಪ್ಪ ಶಿಕಾರಿಪುರದ ರೈಸ್ ಮಿಲ್ಲಲ್ಲಿ ಗುಮಾಸ್ತರಾಗಿದ್ದವರು, ಆಮೇಲೆ ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಎಚ್.ಡಿ. ದೇವೇಗೌಡರು ಡಿಪ್ಲೊಮಾ ಮಾಡಿ ಕಂಟ್ರಾಕ್ಟರ್ ಆಗಿದ್ದವರು. ಎಚ್.ಡಿ. ಕುಮಾರಸ್ವಾಮಿ ಸಿನಿಮಾ ಹಂಚಿಕೆ, ನಿರ್ಮಾಣ ಮಾಡಿದವರು. ‘ಸೂರ್ಯವಂಶ’ ಅವರದೇ ನಿರ್ಮಾಣ. ಬಸವರಾಜ ಬೊಮ್ಮಾಯಿ ಎಂಜಿನಿಯರ್, ಟಾಟಾ ಕಂಪನಿಯಲ್ಲಿ ಕೆಲಸ ಮಾಡಿ ಉದ್ಯಮಕ್ಕೂ ಇಳಿದವರು.

ಇವರ ಬಜೆಟ್‌ಗಳು ಅಂಗಡಿ ಲೆಕ್ಕದ ಹಾಗೆ ಬಿಗಿಯಾಗಿದ್ದವಾ? ಹಾರ್ಡ್‌ವೇರ್ ಅಂಗಡಿ ನಡೆಸಿದ ಯಡಿಯೂರಪ್ಪ 2006ರಲ್ಲಿ ಹಣಕಾಸು ಖಾತೆ ಹಿಡಿದಾಗ ಶಾಲೆ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟರು, ಹೆಣ್ಣುಮಕ್ಕಳಿಗೆ ಭಾಗ್ಯಲಕ್ಷ್ಮಿ ಬಾಂಡ್ ತಂದರು. ಸಿನಿಮಾ ಸಾಲದ ಬಿಸಿ ಕಂಡಿದ್ದ ಕುಮಾರಸ್ವಾಮಿ 2018ರಲ್ಲಿ 34,000 ಕೋಟಿ ರೂ. ಬೆಳೆ ಸಾಲ ಮನ್ನಾ ಘೋಷಿಸಿದರು. ಇವು ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಗಲ್ಲಾದಿಂದ ಬಂದವರೂ ವಿಧಾನಸೌಧಕ್ಕೆ ಹೋದಮೇಲೆ ಗಲ್ಲಾ ಲೆಕ್ಕ ಮಾಡಲಿಲ್ಲ ಅನ್ನೋದು ಮಾತ್ರ ಸ್ಪಷ್ಟ. ಸೈಕಲ್ ಕೊಟ್ಟಿದ್ದು ಲಾಭಕ್ಕಲ್ಲ, ಎಂಟನೇ ಕ್ಲಾಸಿಗೆ ಶಾಲೆ ಬಿಡೋ ಹುಡುಗಿ ಮುಂದೆ ಓದಲಿ ಅಂತ. ಅಂಗಡಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಈಗ ಕುರ್ಚಿ ಚರ್ಚೆಯಲ್ಲಿ ಹೆಸರು ಕೇಳಿಬರುತ್ತಿರೋ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ 2023ರ ಚುನಾವಣಾ ಪ್ರಮಾಣಪತ್ರದಲ್ಲಿ ಆಸ್ತಿ 1,400 ಕೋಟಿ ದಾಟಿದೆ. ವ್ಯವಹಾರ ಗೊತ್ತಿಲ್ಲ ಅಂತ ಅವರಿಗೆ ಯಾರೂ ಹೇಳಲಾರರು. ಹಾಗಂತ ಚಿಲ್ಲರೆ ಅಂಗಡಿಯವನ ಕಷ್ಟ ಅವರಿಗೆ ಜಾಸ್ತಿ ಗೊತ್ತು ಅಂತಲೂ ಹೇಳೋಕಾಗಲ್ಲ. ‘ವ್ಯಾಪಾರ’ ಅನ್ನೋ ಒಂದೇ ಪದದಲ್ಲಿ ಬೆಂಗಳೂರಿನ ಜಮೀನೂ ಬರುತ್ತೆ, ದೇವಸ್ಥಾನದ ಮುಂದೆ ಹಣ್ಣುಕಾಯಿ ಮಾರೋದೂ ಬರುತ್ತೆ. ಒಂದರ ಅನುಭವ ಇನ್ನೊಂದಕ್ಕೆ ಆಗಲ್ಲ.

ವಿಜಯ್ ಮಲ್ಯ ಇದೇ ರಾಜ್ಯದಿಂದ ಎರಡು ಸಲ ರಾಜ್ಯಸಭೆಗೆ ಹೋದರು. 2012ರಲ್ಲಿ ಅವರ ವಿಮಾನ ಕಂಪನಿ ನಿಂತಿತು, 2016ರಲ್ಲಿ ಅವರೇ ದೇಶ ಬಿಟ್ಟರು. ಅಮೆರಿಕದಲ್ಲಿ ಕಟ್ಟಡದ ವ್ಯಾಪಾರದಿಂದ ಬಂದ ಡೊನಾಲ್ಡ್ ಟ್ರಂಪ್ 2025ರ ಆಗಸ್ಟ್ 27ರಿಂದ ಭಾರತದ ಸರಕಿಗೆ ಶೇ 50 ಸುಂಕ ಹಾಕಿದರು, ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಗಳ ಆರ್ಡರ್ ಅಲುಗಾಡಿತು. ಚೌಕಾಸಿಗೆ ಅದು ಒಳ್ಳೇ ವರಸೆ ಇರಬಹುದು. ಸುಂಕದ ದುಡ್ಡು ಮೊದಲು ಕಟ್ಟೋದು ಮಾತ್ರ ಅಮೆರಿಕದಲ್ಲಿ ಸಾಮಾನು ತರಿಸಿಕೊಳ್ಳೋ ಅಂಗಡಿಯವರೇ.

ಅಂಗಡಿಗೂ ಸರ್ಕಾರಕ್ಕೂ ಇರೋ ವ್ಯತ್ಯಾಸ

ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ 1996ರಲ್ಲೇ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದರ ಬಗ್ಗೆ ಬರೆದಿದ್ದಾರೆ. ದೇಶ ಅನ್ನೋದು ಕಂಪನಿ ಅಲ್ಲ ಅನ್ನೋದು ಅವರ ವಾದ. ಅದನ್ನ ಅರ್ಥ ಮಾಡಿಕೊಳ್ಳೋಕೆ ಹಾರ್ವರ್ಡ್ ಬೇಡ, ಗೃಹಲಕ್ಷ್ಮಿ ಸಾಕು.

ವ್ಯಾಪಾರ ಡಲ್ ಆದಾಗ ಅಂಗಡಿಯವರು ಏನು ಮಾಡ್ತಾರೆ? ಖರ್ಚು ಕಮ್ಮಿ ಮಾಡ್ತಾರೆ. ಕೆಲಸದ ಹುಡುಗನನ್ನ ಬಿಡಿಸ್ತಾರೆ, ಸ್ಟಾಕ್ ಕಮ್ಮಿ ತರ್ತಾರೆ. ಒಬ್ಬರಿಗೆ ಇದು ಬುದ್ಧಿವಂತಿಕೆ. ಆದರೆ ಊರಿನ ಅಂಗಡಿಯವರೆಲ್ಲಾ ಒಟ್ಟಿಗೆ ಹೀಗೇ ಮಾಡಿದರೆ, ಬಿಡಿಸಿದ ಹುಡುಗರ ಮನೆಯವರು ಯಾರ ಅಂಗಡೀಲಿ ಏನು ಕೊಳ್ತಾರೆ? ಒಬ್ಬರ ಖರ್ಚು ಇನ್ನೊಬ್ಬರ ವರಮಾನ. ಅಂಗಡಿಯವರ ಖರ್ಚು ಅವರ ಗಲ್ಲಾಕ್ಕೆ ತಿರುಗಿ ಬರೋದು ಅಪರೂಪ. ಸರ್ಕಾರದ ಖರ್ಚಿನಲ್ಲಿ ಒಂದು ಪಾಲು ಊರು ಸುತ್ತಿ ತೆರಿಗೆಯಾಗಿ ವಾಪಸ್ ಬರುತ್ತೆ.

2023ರ ಆಗಸ್ಟ್ 30ರಂದು ಮೈಸೂರಲ್ಲೇ ಗೃಹಲಕ್ಷ್ಮಿ ಶುರುವಾಯಿತು. ಒಂದು ಹಳ್ಳೀಲಿ 500 ಮನೆಗೆ 2,000 ಬಂದರೆ ತಿಂಗಳಿಗೆ 10 ಲಕ್ಷ. ಆ ದುಡ್ಡು ಸಿಂಗಪುರಕ್ಕೆ ಹೋಗಲ್ಲ. ರೇಷನ್ ಅಂಗಡೀಲಿ ಸಿಗದ ಎಣ್ಣೆ, ಬೇಳೆ, ಮಗಳ ಚಪ್ಪಲಿ, ಸಂಘದ ಕಂತು, ಹೀಗೆ ಹೋಗೋದು. ಗ್ಯಾರಂಟಿ ದಂಡದ ಖರ್ಚು ಅಂತ ಬಯ್ಯೋ ಅಂಗಡಿಯವರದೇ ಸಾಲದ ಪುಸ್ತಕ ತೆಗೆದು ನೋಡಿದರೆ, ಕಂತು ತಡವಾದ ತಿಂಗಳು ಯಾವುದು ಅಂತ ಅದರಲ್ಲೇ ಗೊತ್ತಾಗುತ್ತೆ. ಇತ್ತ ಶಕ್ತಿ ಯೋಜನೆಯ ಬಸ್ಸು ನಂಜುಂಡೇಶ್ವರನ ಸನ್ನಿಧಿಗೆ ಜನ ತರುತ್ತೆ, ಅತ್ತ ಅದೇ ಬಸ್ಸು ಇಲ್ಲಿನ ಗಿರಾಕಿಗಳನ್ನ ಮೈಸೂರಿನ ದೇವರಾಜ ಅರಸು ರಸ್ತೆಗೂ ಕರೆದುಕೊಂಡು ಹೋಗುತ್ತೆ. ಹಣ್ಣುಕಾಯಿ ಅಂಗಡಿಗೆ ಲಾಭ, ಬಟ್ಟೆ ಅಂಗಡಿಗೆ ಏಟು. ಇದು ಎರಡೂ ನಿಜ.

ಹಾಗಂತ ಸರ್ಕಾರ ಮನಸ್ಸಿಗೆ ಬಂದಷ್ಟು ಖರ್ಚು ಮಾಡಬಹುದು ಅಂತಲ್ಲ. ಇಲ್ಲಿ ಅಂಗಡಿ ಲೆಕ್ಕ ಬೇಕೇ ಬೇಕು. 2025–26ರ ಬಜೆಟ್‌ನಲ್ಲಿ ಗ್ಯಾರಂಟಿಗೆ 51,034 ಕೋಟಿ, ಹೊಸ ಸಾಲ 1.16 ಲಕ್ಷ ಕೋಟಿ, ರಾಜಸ್ವ ಕೊರತೆ 19,262 ಕೋಟಿ. ರಾಜಸ್ವ ಕೊರತೆ ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ದಿನದ ಖರ್ಚಿಗೂ ಸಾಲ ಮಾಡೋದು. ಹೊಸ ಶೆಲ್ಫ್ ಹಾಕಿಸೋಕೆ ಸಾಲ ಮಾಡಿದರೆ ಅದು ದುಡಿದು ತೀರಿಸುತ್ತೆ. ಕರೆಂಟ್ ಬಿಲ್ ಕಟ್ಟೋಕೆ ಸಾಲ ಮಾಡಿದರೆ? ಈ ಪ್ರಶ್ನೆ ಕೇಳೋ ಅಧಿಕಾರ ಪ್ರತಿ ಅಂಗಡಿಯವರಿಗೂ ಇದೆ. 2002ರ ಕಾಯ್ದೆ ಪ್ರಕಾರ ಒಟ್ಟು ಸಾಲ ರಾಜ್ಯದ ಉತ್ಪನ್ನದ ಶೇ 25 ದಾಟಬಾರದು. ಬಜೆಟ್ ತೋರಿಸಿದ್ದು ಶೇ 24.91. ಗೆರೆ ದಾಟಿಲ್ಲ, ಗೆರೆಗೆ ಮೂಗು ತಾಗಿಸಿಕೊಂಡು ನಿಂತಿದೆ.

ಇನ್ನೊಂದು ಉದಾಹರಣೆ ನಮ್ಮ ರಸ್ತೆಯಲ್ಲೇ ಇದೆ. ನಂಜನಗೂಡು ಮೇಲೆ ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗೋ ಹೆದ್ದಾರಿ 766ರಲ್ಲಿ, ಬಂಡೀಪುರದೊಳಗೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ಬಂದ್. ತರಕಾರಿ ಲಾರಿಯವರನ್ನ ಕೇಳಿದರೆ ರಾತ್ರಿ ಬಿಡಬೇಕು ಅಂತಾರೆ, ಅವರ ಲೆಕ್ಕದಲ್ಲಿ ಅದು ಸರಿ. ಲಾರಿಗೆ ಸಿಕ್ಕಿ ಸಾಯೋ ಜಿಂಕೆ, ಆನೆ ಆ ಲೆಕ್ಕದಲ್ಲಿ ಬರಲ್ಲ. ಅದನ್ನೂ ಸೇರಿಸಿ ಕೂಡಬೇಕಾದವರು ಆಳುವವರು.

ಕಬ್ಬಿನ ತಕ್ಕಡಿ

ವ್ಯಾಪಾರದ ಅನುಭವ ಇದ್ದರೆ ಸಾಕು ಅನ್ನುವವರು ಉತ್ತರ ಕೊಡಬೇಕಾದ ವಿಷಯ ಕಬ್ಬು. ರಾಜ್ಯದ ಹಲವು ಸಕ್ಕರೆ ಕಾರ್ಖಾನೆಗಳು ರಾಜಕಾರಣಿಗಳ ಕುಟುಂಬದ ಹಿಡಿತದಲ್ಲಿವೆ, ಇದರಲ್ಲಿ ಪಕ್ಷಭೇದ ಇಲ್ಲ. ಸಕ್ಕರೆ ಉದ್ಯಮಿ ಮುರುಗೇಶ ನಿರಾಣಿ ಕೈಗಾರಿಕಾ ಸಚಿವರೇ ಆಗಿದ್ದರು. ಸಕ್ಕರೆ ವ್ಯಾಪಾರ ಗೊತ್ತಿರೋ ಇಷ್ಟೊಂದು ಜನ ವಿಧಾನಸೌಧದ ಒಳಗಿದ್ದ ಮೇಲೆ ಕಬ್ಬಿನ ದರದ ಸಮಸ್ಯೆ ಎಂದೋ ಬಗೆಹರಿಯಬೇಕಿತ್ತು. ಆದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ಕೇಳಿ ರಸ್ತೆಯಲ್ಲಿ ಕೂರಬೇಕಾಯಿತು. ಸರ್ಕಾರ ಮಧ್ಯೆ ಬಂದು 3,300ಕ್ಕೆ ಒಪ್ಪಿಸಿತು.

ಕೇಂದ್ರದ ಎಫ್‌ಆರ್‌ಪಿ 2025–26ರ ಹಂಗಾಮಿಗೆ ಶೇ 10.25 ಇಳುವರಿಗೆ ಟನ್‌ಗೆ 3,550 ಇತ್ತು. ಕೇಳೋಕೆ ಚೆನ್ನಾಗಿದೆ. ಅದರಲ್ಲಿ ಕಟಾವು, ಸಾಗಣೆ ಹಿಡಿದುಕೊಂಡ ಮೇಲೆ ರೈತನ ಕೈಗೆ ಬರೋದು ಎಷ್ಟು, ಇಳುವರಿ ಅಳೆಯೋರು ಯಾರು ಅನ್ನೋದೇ ಜಗಳ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಬಣ್ಣಾರಿ ಅಮ್ಮನ್ ಕಾರ್ಖಾನೆಗೆ ಕಬ್ಬು ಹಾಕುವವರಿಗೆ ಈ ಲೆಕ್ಕ ಬಾಯಿಪಾಠ. ರಾಜ್ಯ ಕಬ್ಬು ಬೆಳೆಗಾರರ ಸಂಘಟನೆಯಲ್ಲಿ ವರ್ಷಗಳಿಂದ ಇದನ್ನೇ ಕೇಳುತ್ತಾ ಬಂದಿರೋ ಕುರುಬೂರು ಶಾಂತಕುಮಾರ್ ನರಸೀಪುರ ತಾಲ್ಲೂಕಿನವರೇ.

ಕಾರ್ಖಾನೆ ಮಾಲೀಕರಿಗೆ ಸಕ್ಕರೆಯ ಅರ್ಥಶಾಸ್ತ್ರ ಗೊತ್ತಿಲ್ಲ ಅಂತ ಯಾರೂ ಹೇಳಲ್ಲ. ಗೊತ್ತಿರೋದು ತಕ್ಕಡಿಯ ಒಂದು ಕಡೆಯಿಂದ. ಭತ್ತದಲ್ಲೂ ಅಷ್ಟೇ. ಸಾಮಾನ್ಯ ಭತ್ತಕ್ಕೆ ಬೆಂಬಲ ಬೆಲೆ 2025–26ರಲ್ಲಿ ಕ್ವಿಂಟಲ್‌ಗೆ 2,369 ಇತ್ತು. ಮಿಲ್ಲಿನವರಿಗೆ ಅದು ಖರ್ಚು, ಬೆಳೆದವರಿಗೆ ವರಮಾನ. ಮಿಲ್ ಮಾಲೀಕರೇ ಮಂತ್ರಿ ಆದರೆ ಭತ್ತದ ಮಾರುಕಟ್ಟೆ ಅವರಿಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ, ರೈತ ಅದಕ್ಕೇ ಹೆದರೋದು.

ಹಾಗಾದ್ರೆ ಅಂಗಡಿಯವರ ಮಾತು ಎಲ್ಲಿ ಹೋಗಬೇಕು?

ಮೈಸೂರು ಸಂಸ್ಥಾನಕ್ಕೆ ಈ ಪ್ರಶ್ನೆ ಬಹಳ ಹಿಂದೆಯೇ ಹೊಳೆದಿತ್ತು. ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಸೇರಿದ ಮೊದಲ ಪ್ರಜಾಪ್ರತಿನಿಧಿ ಸಭೆಗೆ ಜಮೀನಿನವರ ಜೊತೆಗೆ ವರ್ತಕರನ್ನೂ ಕರೆಸಿದ್ದರು, ಒಟ್ಟು 144 ಜನ. ಅವರಿಗೆ ಅಧಿಕಾರ ಇರಲಿಲ್ಲ, ಅಹವಾಲು ಹೇಳೋ ಅವಕಾಶ ಮಾತ್ರ. ಮುಂದೆ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯ ದಿವಾನರಾದರು. ಒಂದು ಅಂಗಡಿಯನ್ನೂ ನಡೆಸದ ಅವರ ಕಾಲದಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಯಿತು, 1916ರಲ್ಲಿ ಈಗಿನ ಎಫ್‌ಕೆಸಿಸಿಐನ ಮೂಲವಾದ ಮೈಸೂರು ವಾಣಿಜ್ಯ ಸಂಸ್ಥೆ ಹುಟ್ಟಿತು. ಅದೇ 1913ರಲ್ಲಿ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಶುರು ಮಾಡಿ, ಊರಿನ ಹೆಸರನ್ನ ಹಲ್ಲುಪುಡಿ ಡಬ್ಬಿ ಮೇಲೆ ಹತ್ತಾರು ಜಿಲ್ಲೆಗೆ ಕಳಿಸಿದರು. ಆಳಿದವರು ಬೇರೆ, ವ್ಯಾಪಾರ ಮಾಡಿದವರು ಬೇರೆ; ಮಧ್ಯೆ ಮಾತುಕತೆಗೆ ದಾರಿ ಇತ್ತು.

ಈಗ ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೆ ಸೀಟಿದೆ, ಶಿಕ್ಷಕರಿಗೆ ಸೀಟಿದೆ, ಸ್ಥಳೀಯ ಸಂಸ್ಥೆಯವರಿಗೆ ಸೀಟಿದೆ. ವರ್ತಕರಿಗೆ ಅಂತ ಇಲ್ಲ. ಬಜೆಟ್‌ಗೆ ಮುಂಚೆ ಮುಖ್ಯಮಂತ್ರಿ ಉದ್ಯಮದವರ ಸಭೆ ಕರೀತಾರೆ, ಅದು ಬೆಂಗಳೂರಲ್ಲಿ, ದೊಡ್ಡ ಸಂಘಗಳ ಜೊತೆ. ನರಸೀಪುರದ ಕಿರಾಣಿ ಅಂಗಡಿಯ ಸಮಸ್ಯೆ ಅಲ್ಲಿಗೆ ಹೋಗೋದು ಮೂರನೇ ಬಾಯಿಂದ.

ಬೀದಿಬದಿ ವ್ಯಾಪಾರಿಗಳಿಗೆ ಮಾತ್ರ ಕಾನೂನಿನಲ್ಲೇ ಕುರ್ಚಿ ಇದೆ. 2014ರ ಕಾಯ್ದೆ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ, ಅವರೇ ಚುನಾಯಿಸಿದವರು ಇರಬೇಕು. ನಂಜನಗೂಡು ನಗರಸಭೆ, ನರಸೀಪುರ ಮತ್ತು ಬನ್ನೂರು ಪುರಸಭೆಗಳಲ್ಲಿ ಆ ಸಮಿತಿ ಎಷ್ಟು ಸಲ ಸೇರಿದೆ, ಏನು ತೀರ್ಮಾನ ಮಾಡಿದೆ ಅಂತ ಯಾರು ಬೇಕಾದರೂ ಅರ್ಜಿ ಹಾಕಿ ಕೇಳಬಹುದು. ದೇವಸ್ಥಾನದ ಸುತ್ತ ಗಾಡಿ ಎತ್ತಿಸೋ ದಿನ ಮಾತ್ರ ಈ ಕಾಯ್ದೆ ಎಲ್ಲರಿಗೂ ನೆನಪಾಗುತ್ತೆ.

ಅಂಗಡಿ ಇಟ್ಟವರು ಮಾರ್ಚ್ ಬಜೆಟ್‌ಗೆ ಮುಂಚೆ ಕೇಳಬೇಕಾದ ವಿಷಯಗಳು ಚಿಲ್ಲರೆಯಾಗಿ ಕಾಣಬಹುದು. ಆದರೆ ದುಡ್ಡು ಹೋಗ್ತಿರೋದು ಅಲ್ಲೇ. ಜುಲೈ ಆದಮೇಲೆ ನೋಂದಣಿ ಮಾಡಿಸಿದವರಲ್ಲಿ 1.5 ಕೋಟಿ ಒಳಗಿನ ವಹಿವಾಟಿನವರು ಕಾಂಪೊಸಿಷನ್‌ಗೆ ಹೋಗಿ ಶೇ 1 ಕಟ್ಟಬಹುದು. ಆದರೆ ಆ ಒಂದನ್ನ ಗಿರಾಕಿ ಹತ್ರ ವಸೂಲಿ ಮಾಡೋ ಹಾಗಿಲ್ಲ, ಕೊಳ್ಳುವಾಗ ಕೊಟ್ಟ ತೆರಿಗೆಯೂ ವಾಪಸ್ ಸಿಗಲ್ಲ. ಸೆಪ್ಟೆಂಬರ್ 22ರಂದು ಸೋಪು, ಬಿಸ್ಕೆಟ್ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಾಗ, ಹಳೇ ದರದಲ್ಲಿ ಸ್ಟಾಕ್ ತುಂಬಿಸಿಕೊಂಡಿದ್ದ ಇಂಥವರು ಹೊಸ ಬೆಲೆಗೆ ಮಾರಿ ವ್ಯತ್ಯಾಸ ನುಂಗಿಕೊಂಡರು. ಅದು ಕೇಂದ್ರ, ರಾಜ್ಯ ಎರಡೂ ಕೂರುವ ಜಿಎಸ್‌ಟಿ ಮಂಡಳಿಯ ತೀರ್ಮಾನ. ಅಲ್ಲಿ ಕರ್ನಾಟಕದ ಪರವಾಗಿ ಕೂರುವವರ ಮುಂದೆ ಈ ಒಂದು ವಿಷಯ ಇಡೋಕೆ ವರುಣಾದ ಶಾಸಕರಿಗೆ ನಂಜನಗೂಡಿನಿಂದ ಒಂದು ಅರ್ಜಿ ಹೋದರೆ ಸಾಕು. ಅರ್ಜಿ ಜೊತೆಗೆ ಸೆಪ್ಟೆಂಬರ್ 21ರ ಸ್ಟಾಕ್ ಪಟ್ಟಿ, ಹಳೇ ಖರೀದಿ ಬಿಲ್ಲು ಎರಡೂ ಇರಲಿ.